ಅಂಕಣದ ಬದಿಯ ಮೊಣಕಾಲು: ಜಿಲ್ಲೆಯ ಕ್ರೀಡಾಧಿಕಾರಿಯವರಿಗೆ ಬಹಿರಂಗ ಪತ್ರ

ಜಿಲ್ಲಾ ಅಧಿಕಾರಿಯವರಿಗೆ,
ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ, ಉಡುಪಿ

ಮಾನ್ಯರೆ,

ಕಬಡ್ಡಿಯಲ್ಲಿ ಮೊಣಕಾಲಿಗೆ ಪೆಟ್ಟಾಗುವ ಬಗೆಗಳು ಹೆಚ್ಚೇನಿಲ್ಲ. ರೈಡರ್ ಪಾದ ಊರಿ ಥಟ್ಟನೆ ದಿಕ್ಕು ಬದಲಿಸುವಾಗ ಕಾಲು ತಿರುಚುತ್ತದೆ; ಹಿಡಿಯಲು ಬಂದವರ ಭಾರ ಹೊರಬದಿಯಿಂದ ಮೊಣಕಾಲಿನ ಮೇಲೆ ಬೀಳುತ್ತದೆ; ಇಲ್ಲವೇ ಪಾದ ಎದುರಾಳಿಯ ಕೈಯಲ್ಲಿ ಸಿಕ್ಕಿಕೊಂಡು ಮೈ ಮಾತ್ರ ಮುಂದಕ್ಕೆ ಹೋಗುತ್ತದೆ. ಕಂಬಳದ ಕರೆಯಲ್ಲಿ ಕೋಣಗಳ ಹಿಂದೆ ಓಡುವವರ ಕಾಲು ಕೆಸರಿನಲ್ಲಿ ಹೂತರೂ ಇದೇ ತಿರುಚು. ಹಾಗಾಗಿ ಪರೀಕ್ಷೆ ಶುರುವಾಗಬೇಕಾದದ್ದು ಕೈಯಿಂದಲ್ಲ, ಪ್ರಶ್ನೆಯಿಂದ: ಹೇಗೆ ಬಿದ್ದದ್ದು, ‘ಟಕ್’ ಎಂಬ ಸದ್ದು ಬಂತೇ, ಕಾಲು ಜಾರಿ ಕಳಚಿದಂತಾಯಿತೇ? ನೋವಿನಲ್ಲಿರುವವನಿಗೆ ನೆನಪಿರದಿದ್ದರೆ ಹತ್ತಿರದಲ್ಲೇ ನಿಂತಿದ್ದ ಅಂಪೈರ್ ನೋಡಿರುತ್ತಾರೆ.

ಹೊನಲು ಬೆಳಕಿನ ಪಂದ್ಯಾಟಗಳಲ್ಲಿ ಸಾಮಾನ್ಯವಾಗಿ ಆಗುವುದೇ ಬೇರೆ. ಇಬ್ಬರು ಬಗಲಿಗೆ ಕೈ ಕೊಟ್ಟು ಎಬ್ಬಿಸುತ್ತಾರೆ, ಒಬ್ಬ ಸ್ಪ್ರೇ ಹೊಡೆಯುತ್ತಾನೆ, ಇನ್ನೊಬ್ಬ ‘ನಡೆದು ನೋಡು’ ಎನ್ನುತ್ತಾನೆ. ನಡೆದು ನೋಡುವುದು ಪರೀಕ್ಷೆಯ ಕೊನೆಯ ಮೆಟ್ಟಿಲು. ಇಲ್ಲಿ ಅದೇ ಮೊದಲಾಗುತ್ತದೆ. ಪೆಟ್ಟಾದ ಮೊದಲ ಕೆಲವು ನಿಮಿಷಗಳಲ್ಲಿ ತೊಡೆಯ ಸ್ನಾಯುಗಳು ಇನ್ನೂ ಬಿಗಿದಿರುವುದಿಲ್ಲ, ಬಾವೂ ಬಂದಿರುವುದಿಲ್ಲ. ಆಗ ಸಿಗುವಷ್ಟು ಸ್ಪಷ್ಟ ಮಾಹಿತಿ ಮರುದಿನ ಆಸ್ಪತ್ರೆಯ ಮೇಜಿನ ಮೇಲೂ ಸಿಗುವುದು ಕಷ್ಟ.

ಮಲಗಿದಲ್ಲೇ ಎರಡೂ ಕಾಲುಗಳನ್ನು ಹೋಲಿಸಿ ಮೊಣಕಾಲಿನ ಆಕಾರ ನೋಡಬೇಕು. ತೊಡೆಮೂಳೆ ಮತ್ತು ಕಣಕಾಲಿನ ಮೂಳೆ ಪರಸ್ಪರ ಕಳಚಿಕೊಂಡರೆ ಅದು ಕಾಲನ್ನೇ ಕಳೆಯಬಹುದಾದ ಗಾಯ. ಮಂಡಿಯ ಹಿಂಬದಿಯಲ್ಲಿ ಹಾದುಹೋಗುವ ದೊಡ್ಡ ಅಪಧಮನಿ ಆಗ ಹರಿಯಬಹುದು, ಒಳಗೇ ಮುಚ್ಚಿಹೋಗಲೂಬಹುದು. ಮೋಸವೆಂದರೆ, ಕಳಚಿದ ಕೀಲು ಎಷ್ಟೋ ಸಲ ತಾನಾಗಿ ಸ್ವಸ್ಥಾನಕ್ಕೆ ಮರಳಿ ನೋಡಲು ಸರಿಯಾಗಿಯೇ ಕಾಣುತ್ತದೆ. ಹಾಗಾಗಿ ಪಾದದ ಮೇಲ್ಭಾಗದಲ್ಲೂ ಕಾಲಿನ ಒಳಬದಿಯ ಗಂಟಿನ ಹಿಂದೆಯೂ ನಾಡಿ ನೋಡಬೇಕು. ಪಾದದ ಬಣ್ಣ, ಬಿಸಿ, ಸ್ಪರ್ಶಜ್ಞಾನ ಗಮನಿಸಬೇಕು. ಪಾದವನ್ನು ಮೇಲಕ್ಕೆತ್ತಲು ಬಾರದಿದ್ದರೆ ನರಕ್ಕೂ ಪೆಟ್ಟಾಗಿದೆಯೆಂದು ತಿಳಿಯಬೇಕು. ಎಲ್ಲ ದಿಕ್ಕಿಗೂ ಸಡಿಲವಾದ ಮೊಣಕಾಲಿದ್ದರೆ ನಾಡಿ ಸಿಕ್ಕಿದರೂ ನಂಬುವಂತಿಲ್ಲ. ರಕ್ತ ಹರಿವು ಸುಮಾರು 6 ಗಂಟೆಯೊಳಗೆ ಮತ್ತೆ ಆರಂಭವಾಗಬೇಕು. ಕಾರ್ಕಳದಿಂದಲೂ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಗೆ ಹೆಚ್ಚೆಂದರೆ ಒಂದು ಗಂಟೆಯ ಹಾದಿ, ಕಾಪುವಿನಿಂದ ಇನ್ನೂ ಕಡಿಮೆ. ಹೊತ್ತು ಪೋಲಾಗುವುದು ‘ಬೆಳಗ್ಗೆ ನೋಡುವ’ ಎಂಬ ಮಾತಿನಲ್ಲಿ.

ಮಂಡಿಚಿಪ್ಪು ಹೊರಬದಿಗೆ ಜಾರಿ ನಿಂತಿದ್ದರೆ ಎಳೆದು ಕೂರಿಸುವ ಸಾಹಸ ತರಬೇತಿಯಿಲ್ಲದವರಿಗೆ ಬೇಡ. ಚಿಪ್ಪು ಸ್ಥಾನದಲ್ಲೇ ಇದ್ದರೆ ಮೊಣಕಾಲು ಮಡಿಸದೆ ಇಡೀ ಕಾಲನ್ನು ನೆಲದಿಂದ ಎತ್ತಲು ಹೇಳಬೇಕು. ಎತ್ತಲಾಗದಿದ್ದರೆ ಚಿಪ್ಪೇ ಒಡೆದಿರಬಹುದು, ಅದರ ಮೇಲಿನ ಅಥವಾ ಕೆಳಗಿನ ಸ್ನಾಯುರಜ್ಜು ತುಂಡಾಗಿರಬಹುದು.

ಮುಂದಿನದು ಮೂಳೆ. ಎಕ್ಸ್‌ರೇ ಯಾರಿಗೆ ಬೇಕೆಂಬುದಕ್ಕೆ ಕೆನಡಾದ ಒಟ್ಟಾವದ ವೈದ್ಯರು 1990ರ ದಶಕದಲ್ಲಿ ರೂಪಿಸಿದ ನಿಯಮ ಇಂದಿಗೂ ಬಳಕೆಯಲ್ಲಿದೆ. ವಯಸ್ಸು 55 ಅಥವಾ ಹೆಚ್ಚು. ಚಿಪ್ಪನ್ನು ಮಾತ್ರ ಒತ್ತಿದರೆ ನೋವು. ಮೊಣಕಾಲಿನ ಹೊರಬದಿಯ ಸಣ್ಣ ಮೂಳೆಯ ತುದಿಯಲ್ಲಿ ನೋವು. 90 ಡಿಗ್ರಿ ಮಡಿಸಲಾಗದಿರುವುದು. ಪೆಟ್ಟಾದ ಕೂಡಲೇ ಹಾಗೂ ಆಸ್ಪತ್ರೆಯಲ್ಲಿ ನಾಲ್ಕು ಹೆಜ್ಜೆ ಭಾರ ಊರಲಾಗದಿರುವುದು. ಇವುಗಳಲ್ಲಿ ಒಂದಿದ್ದರೂ ಎಕ್ಸ್‌ರೇ. ಶಾಲಾ ಕ್ರೀಡಾಕೂಟಗಳಲ್ಲಿ ಇನ್ನಷ್ಟು ಎಚ್ಚರ ಬೇಕು: ಬೆಳೆಯುವ ಮಕ್ಕಳಲ್ಲಿ ಅಸ್ಥಿರಜ್ಜು ಹರಿಯುವ ಬದಲು ಮೂಳೆಯ ಚೂರೇ ಕಿತ್ತು ಬರಬಹುದು. ಸೊಂಟದ ಕೀಲಿನ ತೊಂದರೆಯೂ ಮಕ್ಕಳಲ್ಲಿ ಮೊಣಕಾಲು ನೋವಾಗಿ ಕಾಣಿಸಿಕೊಳ್ಳುವುದುಂಟು.

ಅಸ್ಥಿರಜ್ಜುಗಳ ಪರೀಕ್ಷೆ ಬಲ್ಲವರ ಕೈಗೇ ಬಿಡಬೇಕಾದ ಕೆಲಸ. ಮೊಣಕಾಲನ್ನು 20–30 ಡಿಗ್ರಿ ಮಡಿಸಿ, ಒಂದು ಕೈಯಲ್ಲಿ ತೊಡೆಯನ್ನು ಸ್ಥಿರವಾಗಿ ಹಿಡಿದು ಇನ್ನೊಂದರಲ್ಲಿ ಕಣಕಾಲನ್ನು ಮುಂದಕ್ಕೆ ಎಳೆಯುವ ಲ್ಯಾಕ್ಮನ್ ಪರೀಕ್ಷೆಯಲ್ಲಿ ಮುಂದಿನ ಅಡ್ಡರಜ್ಜು, ಅಂದರೆ ಆಟಗಾರರ ಬಾಯಲ್ಲಿ ಎಸಿಎಲ್, ಹರಿದಿದ್ದರೆ ಕಾಲು ತಡೆಯಿಲ್ಲದೆ ಮುಂದೆ ಬರುತ್ತದೆ. ಮೊದಲು ಒಳ್ಳೆಯ ಕಾಲಿನಲ್ಲಿ ಮಾಡಿ ನೋಡಿದರೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ. ಪಕ್ಕದ ರಜ್ಜುಗಳನ್ನು ಕಾಲು ನೇರವಿಟ್ಟು ಒಮ್ಮೆ, 30 ಡಿಗ್ರಿ ಮಡಿಸಿ ಒಮ್ಮೆ ಒಳಕ್ಕೂ ಹೊರಕ್ಕೂ ಮೃದುವಾಗಿ ಬಾಗಿಸಿ ನೋಡುತ್ತಾರೆ.

ಪರೀಕ್ಷೆ ಗೊತ್ತಿಲ್ಲದವರಿಗೂ ಸಿಗುವ ಸುಳಿವು ಬಾವು. ಎರಡು ಗಂಟೆಯೊಳಗೆ ಮೊಣಕಾಲು ಊದಿಕೊಂಡರೆ ಕೀಲಿನೊಳಗೆ ರಕ್ತ ತುಂಬಿರುವ ಸಾಧ್ಯತೆ ಹೆಚ್ಚು, ಅಂಥವರಲ್ಲಿ ಬಹುಪಾಲು ಮಂದಿಗೆ ಎಸಿಎಲ್ ಹರಿದಿರುತ್ತದೆ. ಬಾವು ಮರುದಿನ ನಿಧಾನವಾಗಿ ಬಂದರೆ, ಕಾಲು ಪೂರ್ತಿ ಚಾಚಲಾಗದೆ ಸಿಕ್ಕಿಹಾಕಿಕೊಂಡರೆ ಸಂಶಯ ಮೆನಿಸ್ಕಸ್, ಅಂದರೆ ಕೀಲಿನೊಳಗಿನ ಮೆತ್ತೆಯಂಥ ಮೃದ್ವಸ್ಥಿಯ ಕಡೆ ತಿರುಗುತ್ತದೆ. ದಿಢೀರ್ ನಿಂತು ತಿರುಗುವ ಆಟಗಳಲ್ಲಿ ಎಸಿಎಲ್ ಹರಿಯುವ ಅಪಾಯ ಹುಡುಗರಿಗಿಂತ ಹುಡುಗಿಯರಿಗೆ ಹೆಚ್ಚು. 2014ರ ಅರ್ಜುನ ಪ್ರಶಸ್ತಿ ಪುರಸ್ಕೃತೆ, ಕಬಡ್ಡಿ ಆಟಗಾರ್ತಿ ಮಮತಾ ಪೂಜಾರಿಯವರ ಕಾರ್ಕಳ ತಾಲೂಕಿನಲ್ಲಿ ಈ ಮಾತು ತರಬೇತುದಾರರಿಗೆಲ್ಲ ಗೊತ್ತಿರಬೇಕು.

ಆಸ್ಪತ್ರೆಗೆ ಸಾಗಿಸುವವರೆಗೆ ಕಾಲಿಗೆ ಆಧಾರ ಕೊಟ್ಟು ಅಲುಗದಂತೆ ಇಡುವುದು, ಕ್ರೇಪ್ ಬ್ಯಾಂಡೇಜ್, ಬಟ್ಟೆಯಲ್ಲಿ ಸುತ್ತಿದ ಐಸು 15–20 ನಿಮಿಷ. ಮಲ್ಪೆ ಬಂದರಿರುವ ಜಿಲ್ಲೆಯಲ್ಲಿ ಐಸಿಗಂತೂ ಬರವಿಲ್ಲ. ಎಣ್ಣೆ ತಿಕ್ಕುವುದು, ಬಿಸಿ ಶಾಖ, ಎಳೆದು ‘ಕೂರಿಸುವುದು’ ಆ ದಿನ ಕೂಡದು.

ಅದೇ ಪಂದ್ಯಕ್ಕೆ ಮರಳಬಹುದೇ? ಬಾವಿಲ್ಲ, ಸಡಿಲವಿಲ್ಲ, ಕಾಲು ಪೂರ್ತಿ ಮಡಿಸಿ ಚಾಚಲು ಬರುತ್ತದೆ ಎಂದಾದರೆ ಮಾತ್ರ ನಡಿಗೆ. ಆಮೇಲೆ ಓಟ, ಒಂಟಿಕಾಲಿನ ನೆಗೆತ, ಕೊನೆಗೆ ದಿಕ್ಕು ಬದಲಿಸುವ ಓಟ. ಯಾವ ಹಂತದಲ್ಲಿ ನೋವು ಬಂದರೂ ಅಲ್ಲಿಗೆ ಆ ದಿನದ ಆಟ ಮುಗಿಯಿತು. ತೀರ್ಮಾನ ತಂಡದ ಮ್ಯಾನೇಜರನದ್ದಾಗಲಿ, ಸ್ವತಃ ಆಟಗಾರನದ್ದಾಗಲಿ ಆಗಬಾರದು. ಫೈನಲಿನ ಕೊನೆಯ ಐದು ನಿಮಿಷದಲ್ಲಿ ಇಬ್ಬರೂ ಒಂದೇ ಉತ್ತರ ಕೊಡುತ್ತಾರೆ.

ಅಜ್ಜರಕಾಡಿನ ಜಿಲ್ಲಾ ಕ್ರೀಡಾಂಗಣವನ್ನು ಪಂದ್ಯಾಟಕ್ಕೆ ಕೊಡುವಾಗ ಇಲಾಖೆ ಒಂದು ಷರತ್ತು ಸೇರಿಸಬಹುದು: ಈ ಕ್ರಮ ಬಲ್ಲ ಒಬ್ಬ ಫಿಸಿಯೊಥೆರಪಿಸ್ಟ್ ಅಥವಾ ವೈದ್ಯರು ಅಂಕಣದ ಬದಿಯಲ್ಲಿರಬೇಕು, ಅವರ ಮಾತೇ ಅಂತಿಮ. ಫಿಸಿಯೊಥೆರಪಿ ಕಲಿಸುವ ಮಣಿಪಾಲ ಪಕ್ಕದಲ್ಲಿರುವಾಗ ಇದು ದೊಡ್ಡ ಬೇಡಿಕೆಯಲ್ಲ. ಜೊತೆಗೆ ಗಾಯಾಳುವಿನ ಕೈಗೊಂದು ಚೀಟಿ: ಪೆಟ್ಟಾದ ಗಂಟೆ, ಬಿದ್ದ ರೀತಿ, ಪಾದದ ನಾಡಿ, ಬಾವು ಕಾಣಿಸಿದ ಹೊತ್ತು.

ಇತಿ,
ಜಿಲ್ಲೆಯ ಒಬ್ಬ ಕ್ರೀಡಾಭಿಮಾನಿ