ವೆಸ್ಲಿಯ ಕೃಪೆ ಗುಬ್ಬಿಗೆ ಮೊದಲೇ ಬಂದಿರಲಿಲ್ಲವೆ?

ಮಿಷನರಿಗಳನ್ನು ಕುರಿತು ನಮ್ಮ ವೇದಿಕೆಗಳಲ್ಲಿ ಎರಡೇ ಬಗೆಯ ಮಾತುಗಳು ಕೇಳಿಬರುತ್ತವೆ. ಮುದ್ರಣಾಲಯ, ಶಾಲೆ, ಆಸ್ಪತ್ರೆಗಳನ್ನು ತಂದ ಮಹೋಪಕಾರಿಗಳೆಂಬುದು ಒಂದು. ಮತಾಂತರವೊಂದೇ ಅವರ ಗುರಿಯಾಗಿತ್ತೆಂಬುದು ಮತ್ತೊಂದು. ಹೊಗಳುವವರಾಗಲಿ ತೆಗಳುವವರಾಗಲಿ ಅವರ ಸಿದ್ಧಾಂತವೇನೆಂದು ಕೇಳುವ ಗೋಜಿಗೆ ಹೋಗುವುದಿಲ್ಲ. ಪೂರ್ವಪಕ್ಷವನ್ನರಿಯದ ಖಂಡನೆ ಗಾಳಿಯೊಡನೆ ಗುದ್ದಾಟವಷ್ಟೆ.

ಸಾಸಲಿನಲ್ಲಿ ಕುಳಿತು ಬರೆಯುತ್ತಿರುವ ನಮಗೆ ಗುಬ್ಬಿ ದೂರದ ಊರಲ್ಲ. ಮಲ್ಲಣಾರ್ಯನಂತಹ ವೀರಶೈವ ಕವಿಯ ಹೆಸರಿನೊಡನೆ ಬೆರೆತ ಆ ಊರಿನಲ್ಲಿ 1837ರಲ್ಲಿ ಥಾಮಸ್ ಹಾಡ್ಸನ್ನರು ವೆಸ್ಲಿಯನ್ ಮಿಷನ್ನಿನ ಠಾಣ್ಯವನ್ನು ತೆರೆದರು. 1839ರಲ್ಲಿ ಬಂದ ತರುಣ ವಿಲಿಯಂ ಆರ್ಥರ್, ಅನಾರೋಗ್ಯದಿಂದ ಬೇಗನೆ ಹಿಂದಿರುಗಿ, 1847ರಲ್ಲಿ ಮೈಸೂರು ಸೀಮೆಯ ಮಿಷನ್ನನ್ನು ಕುರಿತು ಗ್ರಂಥವೊಂದನ್ನೇ ಬರೆದರು. ಇವರೆಲ್ಲ ಯಾರ ಅನುಯಾಯಿಗಳೋ ಆ ಜಾನ್ ವೆಸ್ಲಿಯ ಮತವೇನು?

1703ರಲ್ಲಿ ಹುಟ್ಟಿ 1791ರಲ್ಲಿ ತೀರಿಕೊಂಡ ವೆಸ್ಲಿಯನ್ನು ಕೇವಲ ಭಾವಾವೇಶದ ಬೋಧಕನೆಂದು ತಳ್ಳಿಹಾಕುವುದು ಅನ್ಯಾಯ. 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟದಲ್ಲಿ ಆತನಿಗಾದ ಅನುಭವವನ್ನು ಎಲ್ಲರೂ ಹೇಳುತ್ತಾರೆ. ಆದರೆ ಆತನ ಬುದ್ಧಿಯ ಹರಿತ ಕಾಣುವುದು ಮರುವರ್ಷದ ವಾದದಲ್ಲಿ. ದೇವರು ಕೆಲವರನ್ನು ಮುಕ್ತಿಗೂ ಉಳಿದವರನ್ನು ನರಕಕ್ಕೂ ಅನಾದಿಯಲ್ಲಿಯೇ ಗೊತ್ತುಮಾಡಿದ್ದಾನೆಂಬ ಕಾಲ್ವಿನ್ ಪಂಥದ ಪೂರ್ವನಿಯತಿವಾದವನ್ನು ಆತ 1739ರಲ್ಲಿ ನಿರ್ದಾಕ್ಷಿಣ್ಯವಾಗಿ ಖಂಡಿಸಿದನು. ಅಂತಹ ದೇವರು ದಯಾಮಯನೆಂಬ ಮಾತಿಗೆ ಅರ್ಥವೇ ಉಳಿಯದೆಂಬುದು ಆತನ ವಾದದ ತಿರುಳು. ಇದಕ್ಕಾಗಿ ಪ್ರಿಯಮಿತ್ರ ವ್ಹಿಟ್‌ಫೀಲ್ಡನೊಡನೆ ಒಡಕನ್ನೂ ಸಹಿಸಿದನು. ವಿಶ್ವಾಸ ಹುಟ್ಟುವವರೆಗೆ ಪ್ರಾರ್ಥನೆ, ಪ್ರಸಾದಭೋಜನಗಳನ್ನು ಬಿಟ್ಟು ಸುಮ್ಮನೆ ಕುಳಿತಿರಬೇಕೆಂದವರನ್ನು 1740ರಲ್ಲಿ ತೊರೆದನು. ಅರಸುವವನಿಗೂ ಸಾಧನೆಯೇ ಕೃಪೆ ಹರಿದುಬರುವ ಕಾಲುವೆಯೆಂಬುದು ಆತನ ನಿಲುವು.

ಹಾಗಾದರೆ ಮೂಲಪಾಪ? ಅದನ್ನು ವೆಸ್ಲಿ ಬಿಡಲಿಲ್ಲ. 1757ರಲ್ಲಿ ಅದರ ಸಮರ್ಥನೆಗೆ ದೊಡ್ಡ ಗ್ರಂಥವನ್ನೇ ಬರೆದನು. ಮನುಷ್ಯ ಸ್ವಭಾವತಃ ಕೆಟ್ಟವನಾದರೆ ದೇವರ ಕರೆಗೆ ಓಗೊಡುವುದೆಂತು ಎಂಬ ತೊಡಕಿಗೆ ಆತ ಕಂಡುಕೊಂಡ ಪರಿಹಾರವೇ ಪೂರ್ವಾನುಗ್ರಹ. ಮನುಷ್ಯನು ಕೇಳುವ ಮುನ್ನವೇ, ತಿಳಿಯುವ ಮುನ್ನವೇ, ಪ್ರತಿಯೊಬ್ಬನಲ್ಲಿಯೂ ಕೃಪೆ ಕೆಲಸಮಾಡುತ್ತಿದೆ. ನಾವು ಮನಸ್ಸಾಕ್ಷಿ ಎನ್ನುವುದೂ ಅದರದೇ ಫಲ. ಆದುದರಿಂದ ಕೃಪಾರಹಿತವಾದ ಬರಿಯ ಪ್ರಾಕೃತ ಸ್ಥಿತಿಯಲ್ಲಿರುವ ಮನುಷ್ಯನೇ ಲೋಕದಲ್ಲಿಲ್ಲ ಎಂದು ಮುಪ್ಪಿನಲ್ಲಿಯೂ ಸಾರಿದನು. (ಶಕ್ತಿಪಾತ ಯಾರಿಗೆ, ಯಾವಾಗ ಎಂಬ ಜಿಜ್ಞಾಸೆಯನ್ನು ಬಲ್ಲ ನಮ್ಮ ವಾಚಕರಿಗೆ ಈ ತೊಡಕು ಹೊಸದಲ್ಲ.)

ನಮ್ಮ ಆಕ್ಷೇಪ ಇಲ್ಲಿದೆ. 'ಪ್ರತಿಯೊಬ್ಬನಲ್ಲಿಯೂ' ಎಂದಮೇಲೆ ಗುಬ್ಬಿಯ ಒಕ್ಕಲಿಗನೂ ಜಂಗಮನೂ ಅದರಲ್ಲಿ ಸೇರಿದರೋ ಇಲ್ಲವೋ? ಸೇರಲಿಲ್ಲವೆಂದರೆ ವೆಸ್ಲಿ ಖಂಡಿಸಿದ ಪೂರ್ವನಿಯತಿಯೇ ಹಿಂಬಾಗಿಲಿನಿಂದ ಒಳಬಂದಂತಾಯಿತು. ವ್ಯತ್ಯಾಸವಿಷ್ಟೆ, ಅಲ್ಲಿ ಗೊತ್ತುಮಾಡಿದವನು ದೇವರು, ಇಲ್ಲಿ ಭೂಗೋಳ. ಸೇರಿದರೆಂದರೆ, ಅವರ ಅಂಗೈಯ ಲಿಂಗವನ್ನೂ ಪೂಜೆಯನ್ನೂ ಬರಿಯ ಅಂಧಕಾರವೆಂದು ವರ್ಣಿಸುವ ಅಧಿಕಾರ ಮಿಷನರಿ ಸಾಹಿತ್ಯಕ್ಕೆ ಎಲ್ಲಿಂದ ಬಂತು?

ಪೂರ್ವಾನುಗ್ರಹವು ಆರಂಭ ಮಾತ್ರ, ರಕ್ಷಣೆಗೆ ಕ್ರಿಸ್ತನಲ್ಲಿ ವಿಶ್ವಾಸ ಬೇಕು ಎಂದು ಅವರು ಹೇಳಬಹುದು. ಅದು ಅವರ ಮತ, ಆಗಲಿ. ಆದರೆ ಆರಂಭವಾದದ್ದನ್ನು ಕತ್ತಲೆ ಎನ್ನಲಾಗದು. ಹಣತೆ ಚಿಕ್ಕದೆನ್ನಿ, ಹಚ್ಚಿಲ್ಲವೆನ್ನಬೇಡಿ. ತಮಗೆ ದೊರೆತ ಬೆಳಕಿನಂತೆ ನಡೆದ ಅನ್ಯಮತೀಯರ ವಿಷಯದಲ್ಲಿ ವೆಸ್ಲಿಯೇ ಕೊನೆಗಾಲದಲ್ಲಿ ಉದಾರವಾಗಿ ಮಾತನಾಡಿದ್ದುಂಟು. ಕಠಿಣವಾಗಿ ಬರೆದದ್ದೂ ಉಂಟು. ಅನುಯಾಯಿಗಳು ಹಡಗಿನಲ್ಲಿ ಹೊತ್ತು ತಂದದ್ದು ಹೆಚ್ಚಾಗಿ ಆ ಕಾಠಿಣ್ಯವನ್ನೇ. ಎಲ್ಲರೂ ಹಾಗಿರಲಿಲ್ಲವೆಂಬುದನ್ನೂ ಹೇಳಬೇಕು. 1852ರಲ್ಲಿ ಜೈಮಿನಿ ಭಾರತವನ್ನು ಅನುವಾದ, ಟಿಪ್ಪಣಿಗಳೊಡನೆ ಬೆಂಗಳೂರಿನಲ್ಲಿ ಪ್ರಕಟಿಸಿದ ಡೇನಿಯಲ್ ಸ್ಯಾಂಡರ್ಸನ್ನರೂ ವೆಸ್ಲಿಯನ್ನರೇ.

ಆ ಸಭೆ 1947ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ ಸೇರಿಹೋಯಿತು. ವೆಸ್ಲಿಯ ಪ್ರವಚನಗಳನ್ನು ಓದಬಲ್ಲವರು ಅಲ್ಲಿ ಇದ್ದೇ ಇದ್ದಾರೆ. ಅವರಲ್ಲಿ ಯಾರಾದರೂ ಉತ್ತರ ಬರೆದರೆ ಈ ಪತ್ರಿಕೆಯಲ್ಲಿ ಒಂದಕ್ಷರ ಬಿಡದೆ ಅಚ್ಚುಹಾಕಿಸುತ್ತೇವೆ.