ಅಜ್ಜಿಯ ಮುಂದೆ 128 ಪ್ರಶ್ನೆಗಳು

ಅಮೆರಿಕದ ಸಂವಿಧಾನಕ್ಕೆ ಈವರೆಗೆ ಎಷ್ಟು ತಿದ್ದುಪಡಿಗಳಾಗಿವೆ? ಡಲ್ಲಾಸ್ ಪಕ್ಕದ ಅರ್ವಿಂಗ್‌ನಲ್ಲಿ ನಮ್ಮ ಸ್ನೇಹಿತರೊಬ್ಬರ ಅಡುಗೆಮನೆಯಲ್ಲಿ ಬೆಳಗಿನ ಕಾಫಿಯ ಜೊತೆ ಈಗ ಕೇಳಿಸುವುದು ಇಂಥ ಪ್ರಶ್ನೆಗಳೇ. ಕೇಳುವವಳು ಏಳನೇ ತರಗತಿಯ ಮೊಮ್ಮಗಳು, ಉತ್ತರ ಹೇಳಬೇಕಾದವರು ಅರಕಲಗೂಡು ಕಡೆಯಿಂದ ಬಂದ ಎಪ್ಪತ್ತರ ಅಜ್ಜಿ. ‘ಇಪ್ಪತ್ತೇಳು’ ಎಂದು ಅಜ್ಜಿ ತಟ್ಟನೆ ಹೇಳುತ್ತಾರೆ. ‘ಕನ್ನಡದಲ್ಲಿ ಅಲ್ಲ ಅಜ್ಜಿ, ಇಂಗ್ಲಿಷಲ್ಲಿ ಹೇಳಿ’ ಎನ್ನುತ್ತಾಳೆ ಮೊಮ್ಮಗಳು. ಅಜ್ಜಿಗೆ ಉತ್ತರ ಗೊತ್ತಿದೆ. ಅದನ್ನು ಅಧಿಕಾರಿಯ ಎದುರು ಅವರ ಭಾಷೆಯಲ್ಲಿ ಹೇಳುವುದೇ ಕಷ್ಟ.

ಪೌರತ್ವದ ಸಂದರ್ಶನದಲ್ಲಿ ಇತಿಹಾಸ, ಆಡಳಿತ ಕುರಿತ ಈ ಪರೀಕ್ಷೆ ಹೊಸದೇನಲ್ಲ. ಆದರೆ 2025ರ ಅಕ್ಟೋಬರ್ 20ರಿಂದ ಅರ್ಜಿ ಹಾಕಿದವರಿಗೆ ಅದು ಬಿಗಿಯಾಗಿದೆ. ಹಿಂದೆ 100 ಪ್ರಶ್ನೆಗಳ ಪಟ್ಟಿಯಿಂದ 10 ಕೇಳುತ್ತಿದ್ದರು, 6 ಸರಿಯಾದರೆ ಸಾಕಿತ್ತು. ಈಗ ಪಟ್ಟಿಯಲ್ಲಿ 128 ಪ್ರಶ್ನೆಗಳಿವೆ, ಕೇಳುವುದು 20ರವರೆಗೆ, ಸರಿಯಾಗಬೇಕಾದದ್ದು 12. ಹನ್ನೆರಡು ಸರಿಯಾದರೆ ಅಥವಾ ಒಂಬತ್ತು ತಪ್ಪಾದರೆ ಅಧಿಕಾರಿ ಅಲ್ಲಿಗೇ ನಿಲ್ಲಿಸುತ್ತಾರೆ. ಶೇಕಡಾವಾರು ನೋಡಿದರೆ ಎರಡೂ ಅರವತ್ತೇ. ಲೆಕ್ಕ ಬರೆಯುವವರಾದ ನಮಗೆ ಅದು ಸಮಾಧಾನದ ಮಾತು ಎನಿಸುವುದಿಲ್ಲ. ವಯಸ್ಸಾದವರಿಗೆ ಆರು ಉತ್ತರ ಹೇಳುವಷ್ಟು ಹೊತ್ತು ಧೈರ್ಯ ಹಿಡಿದಿಡುವುದು ಬೇರೆ, ಹನ್ನೆರಡು ಹೇಳುವಷ್ಟು ಹೊತ್ತು ಹಿಡಿದಿಡುವುದು ಬೇರೆ. ಇದೇ ಮಾದರಿಯ ಪರೀಕ್ಷೆಯನ್ನು 2020ರ ಡಿಸೆಂಬರ್‌ನಲ್ಲಿ ತಂದು ಕೆಲವೇ ತಿಂಗಳಲ್ಲಿ ಕೈಬಿಟ್ಟಿದ್ದರು. ಈಗ ಅದು ಸ್ವಲ್ಪ ಮಾರ್ಪಾಡಿನೊಂದಿಗೆ ಮರಳಿದೆ.

ನಾವು ಪರೀಕ್ಷೆ ಕೊಟ್ಟಾಗ ಹಳೆಯ ಪಟ್ಟಿ. ಮೊದಲ ಆರೂ ಸರಿಯಾದ್ದರಿಂದ ಎರಡೇ ನಿಮಿಷದಲ್ಲಿ ಮುಗಿದಿತ್ತು. ಹದಿಮೂರು ಮೂಲ ರಾಜ್ಯಗಳಲ್ಲಿ ಮೂರನ್ನು ಹೇಳಿ ಎಂದು ಆಗಿನ ಪಟ್ಟಿಯಲ್ಲಿತ್ತು, ಈಗ ಐದನ್ನು ಹೇಳಬೇಕು. ಮೆಕ್ಸಿಕೊದ ಗಡಿಗೆ ತಾಗಿದ ಒಂದು ರಾಜ್ಯ ಯಾವುದು ಎಂಬ ಪ್ರಶ್ನೆ ಟೆಕ್ಸಾಸ್‌ನವರಿಗೆ ಪುಕ್ಕಟೆ ಅಂಕದಂತಿತ್ತು. ಭೂಗೋಳದ ಭಾಗವನ್ನೇ ತೆಗೆದಿದ್ದರಿಂದ ಅದೂ ಹೋಯಿತು. ನಿಮ್ಮ ರಾಜ್ಯದ ರಾಜಧಾನಿ ಯಾವುದು ಎಂಬುದು ಉಳಿದಿದೆ. ಹೂಸ್ಟನ್‌ನ ನಮ್ಮವರೊಬ್ಬರು ಗಾಬರಿಯಲ್ಲಿ ತಮ್ಮ ಊರಿನ ಹೆಸರನ್ನೇ ಹೇಳಿ, ಮರುಕ್ಷಣ ಆಸ್ಟಿನ್ ಎಂದು ತಿದ್ದಿಕೊಂಡರಂತೆ. ಗವರ್ನರ್, ಸೆನೆಟರ್‌ಗಳ ಹೆಸರನ್ನು ಸಂದರ್ಶನದ ದಿನಕ್ಕೆ ಯಾರಿದ್ದಾರೋ ಅವರದೇ ಹೇಳಬೇಕು. ಹಾಗಾಗಿ ಚುನಾವಣೆ ನಡೆದರೆ ಬಾಯಿಪಾಠ ಮಾಡಿದ್ದು ಹಳತಾಗುತ್ತದೆ.

ಊರಿನಲ್ಲಿರುವವರು ಫೋನಿನಲ್ಲಿ ಕೇಳುವುದು, ‘ವಯಸ್ಸಾದವರಿಗೆ ರಿಯಾಯಿತಿ ಇಲ್ಲವೇ?’ ಎಂದು. ಇದೆ, ಮೂರು ಬಗೆಯಲ್ಲಿ. ಐವತ್ತು ದಾಟಿ, ಗ್ರೀನ್ ಕಾರ್ಡ್ ಪಡೆದು ಇಪ್ಪತ್ತು ವರ್ಷ ಇಲ್ಲಿ ಬಾಳಿದವರಿಗೆ ಇಂಗ್ಲಿಷ್ ವಿನಾಯಿತಿ. ಐವತ್ತೈದು ದಾಟಿ ಹದಿನೈದು ವರ್ಷ ಬಾಳಿದವರಿಗೂ ಅದೇ. ಇವರು ದುಭಾಷಿಯ ಮೂಲಕ ಕನ್ನಡದಲ್ಲೇ ಉತ್ತರಿಸಬಹುದು. ಅರವತ್ತೈದು ದಾಟಿ ಇಪ್ಪತ್ತು ವರ್ಷ ಬಾಳಿದವರಿಗೆ ಇನ್ನೂ ಸುಲಭ: ಗುರುತು ಮಾಡಿದ 20 ಪ್ರಶ್ನೆಗಳನ್ನಷ್ಟೇ ಓದಿಕೊಂಡರೆ ಸಾಕು, 10 ಕೇಳುತ್ತಾರೆ, 6 ಸರಿಯಾದರೆ ಪಾಸು.

ಈ ರಿಯಾಯಿತಿಗಳು ನಮ್ಮ ಹಿರಿಯರ ಕೈಗೆ ಸಿಗುವುದು ಅಪರೂಪ. ಪ್ರಾಯದಲ್ಲೇ ಬಂದು ಇಲ್ಲೇ ಮುಪ್ಪಾದವರನ್ನು ಮನಸ್ಸಿನಲ್ಲಿಟ್ಟು ಮಾಡಿದ ನಿಯಮಗಳು ಅವು. ನಮ್ಮ ಅಪ್ಪ ಅಮ್ಮಂದಿರು ಬರುವುದೇ ಅರವತ್ತರ ನಂತರ, ಮಗನೋ ಮಗಳೋ ಇಲ್ಲಿನ ಪೌರರಾಗಿ ಅವರಿಗೆ ಗ್ರೀನ್ ಕಾರ್ಡ್ ಮಾಡಿಸಿದ ಮೇಲೆ. ಅರ್ವಿಂಗ್‌ನ ಅಜ್ಜಿ ಬಂದು ಆರು ವರ್ಷ. ಇಪ್ಪತ್ತು ವರ್ಷ ತುಂಬಬೇಕೆಂದರೆ ಅವರಿಗೆ ಎಂಬತ್ತನಾಲ್ಕಾಗುತ್ತದೆ. ಹೀಗಾಗಿ ಮೂವತ್ತರ ಎಂಜಿನಿಯರ್‌ಗೆ ಇರುವ ಪರೀಕ್ಷೆಯೇ ಅವರಿಗೂ: ಇಂಗ್ಲಿಷ್ ಓದು, ಬರಹ, ಮಾತು, ಮೇಲೆ 20 ಪ್ರಶ್ನೆ. ವೈದ್ಯರ ಪ್ರಮಾಣಪತ್ರದ ದಾರಿ ಒಂದಿದೆ. ಅದು ಕಾಯಿಲೆಯಿಂದ ಕಲಿಯಲಾಗದವರಿಗೆ ಮಾತ್ರ, ವಯಸ್ಸಾಗಿದೆ ಎಂಬುದೊಂದೇ ಕಾರಣ ಸಾಲದು. ಜೊತೆಗೆ ಹಿಂದಿನ ಐದು ವರ್ಷಗಳಲ್ಲಿ ಕನಿಷ್ಠ 30 ತಿಂಗಳು ಈ ನೆಲದಲ್ಲಿ ಇದ್ದಿರಬೇಕು. ಒಂದೇ ಸಲಕ್ಕೆ ಆರು ತಿಂಗಳು ಮೀರಿ ಊರಿನಲ್ಲಿ ಉಳಿದಿದ್ದರೆ ಅದಕ್ಕೂ ವಿವರಣೆ ಕೊಡಬೇಕು. ಮದುವೆ, ಗೃಹಪ್ರವೇಶ, ತಿಥಿ ಎಂದು ಹೋಗಿ ಬರುವ ಹಿರಿಯರಿಗೆ ಈ ಲೆಕ್ಕ ಪರೀಕ್ಷೆಗಿಂತ ಮೊದಲೇ ಕೈಕೊಡುತ್ತದೆ.

ಇಲ್ಲೇ ಹುಟ್ಟಿದವರ ಪಾಡೇನು ಎಂದರೆ, 2018ರಲ್ಲಿ ವುಡ್ರೋ ವಿಲ್ಸನ್ ಪ್ರತಿಷ್ಠಾನ ಇಂಥ ಪ್ರಶ್ನೆಗಳನ್ನಿಟ್ಟು ನಡೆಸಿದ ಸಮೀಕ್ಷೆಯಲ್ಲಿ ಪಾಸಾದವರು ಮೂವರಲ್ಲಿ ಒಬ್ಬರು ಮಾತ್ರ. ಓದಿಕೊಂಡು ಹೋಗುವ ವಲಸಿಗರಲ್ಲಾದರೋ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಮಂದಿ ದಾಟುತ್ತ ಬಂದಿದ್ದಾರೆ. ಹಾಗೆಂದು ಈ ಪರೀಕ್ಷೆ ಅರ್ಥಹೀನ ಎನ್ನಲಾರೆವು. ಹದಿನಾಲ್ಕನೇ ತಿದ್ದುಪಡಿ ಏನು, ಮಹಿಳೆಯರಿಗೆ 1920ರವರೆಗೆ ಮತ ಏಕಿರಲಿಲ್ಲ ಎಂದು ಅಜ್ಜಿ ಮೊಮ್ಮಗಳು ಕೂತು ಮಾತಾಡುವುದು ಒಳ್ಳೆಯದೇ.

ಪಟ್ಟಿಯಲ್ಲಿ ಇಲ್ಲದ, ಆದರೆ ನಮಗೆ ಹತ್ತಿರದ ಇತಿಹಾಸವೂ ಒಂದಿದೆ. ಭಾರತೀಯರು ಈ ದೇಶದ ಪೌರರಾಗುವಂತಿಲ್ಲ ಎಂದು ಇಲ್ಲಿನ ಸುಪ್ರೀಂ ಕೋರ್ಟ್ 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿಯ ಮೊಕದ್ದಮೆಯಲ್ಲಿ ಹೇಳಿತ್ತು. ಆತ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವರು. ಆ ಬಾಗಿಲು ತೆರೆದದ್ದು 1946ರಲ್ಲಿ, ಅದೂ ವರ್ಷಕ್ಕೆ ನೂರು ಭಾರತೀಯರು ಮಾತ್ರ ವಲಸೆ ಬರಬಹುದು ಎಂಬ ಮಿತಿಯೊಂದಿಗೆ. ದೇಶವಾರು ಹಳೆಯ ಕೋಟಾವನ್ನು ತೆಗೆದ 1965ರ ಕಾನೂನಿಗೆ ಸಹಿ ಹಾಕಿದವರು ಟೆಕ್ಸಾಸ್‌ನವರೇ ಆದ ಅಧ್ಯಕ್ಷ ಲಿಂಡನ್ ಜಾನ್ಸನ್. ಅವರ ಹೆಸರಿನ ಗ್ರಂಥಾಲಯ ಆಸ್ಟಿನ್‌ನ ವಿಶ್ವವಿದ್ಯಾಲಯದ ಆವರಣದಲ್ಲಿದೆ. ಊರಿನಿಂದ ಬಂದವರನ್ನು ನಾವು ವಿಧಾನಸಭೆಯ ಗುಮ್ಮಟ ತೋರಿಸಲು ಕರೆದೊಯ್ಯುತ್ತೇವೆ, ಅಲ್ಲಿಗೆ ಮಾತ್ರ ಹೋಗುವುದಿಲ್ಲ.

ಪರೀಕ್ಷೆ ತಪ್ಪಿದರೆ ಏನಾಗುತ್ತದೆ? ತಪ್ಪಿದ ಭಾಗಕ್ಕೆ 60ರಿಂದ 90 ದಿನಗಳೊಳಗೆ ಇನ್ನೊಂದು ಅವಕಾಶ. ಅದೂ ತಪ್ಪಿದರೆ ಅರ್ಜಿ ತಿರಸ್ಕೃತ, ಹೊಸ ಅರ್ಜಿಗೆ ಮತ್ತೆ ಶುಲ್ಕ: ಕಾಗದದಲ್ಲಾದರೆ 760 ಡಾಲರ್, ಆನ್‌ಲೈನ್‌ನಲ್ಲಿ 710. ಗ್ರೀನ್ ಕಾರ್ಡ್ ಮಾತ್ರ ಈ ಕಾರಣಕ್ಕೆ ಹೋಗುವುದಿಲ್ಲ, ಊರಿನವರು ಹೆದರಬೇಕಿಲ್ಲ. ಡಲ್ಲಾಸ್‌ನವರಿಗೆ ಅರ್ವಿಂಗ್‌ನಲ್ಲೂ ಹೂಸ್ಟನ್‌ನವರಿಗೆ ಅಲ್ಲಿಯೇ ಕಚೇರಿಯಿದೆ. ಆಸ್ಟಿನ್‌ನವರು ಸಾಮಾನ್ಯವಾಗಿ ಸ್ಯಾನ್ ಆಂಟೋನಿಯೊಗೆ ಹೋಗಿಬರಬೇಕು.

ಹಣಕ್ಕಿಂತ ದಿನಗಳೇ ದುಬಾರಿಯಾಗುವ ಮನೆಗಳೂ ಇವೆ. ತಂದೆ ಅಥವಾ ತಾಯಿ ಪ್ರಮಾಣ ಸ್ವೀಕರಿಸುವ ದಿನ ಗ್ರೀನ್ ಕಾರ್ಡ್ ಇರುವ ಮಗುವಿಗೆ 18 ತುಂಬಿರದೆ, ಅದು ಅವರೊಂದಿಗೇ ಇಲ್ಲಿ ವಾಸವಾಗಿದ್ದರೆ, ಮಗುವೂ ತಾನಾಗಿಯೇ ಪೌರನಾಗುತ್ತದೆ. ಒಂದು ದಿನ ತಡವಾದರೂ ಆ ಹುಡುಗ ತನ್ನದೇ ಅರ್ಜಿ ಹಾಕಿ, ತನ್ನದೇ ಶುಲ್ಕ ಕಟ್ಟಿ, ಇದೇ ಪರೀಕ್ಷೆಗೆ ಕೂರಬೇಕು. ಗ್ರೀನ್ ಕಾರ್ಡಿಗಾಗಿ ಹತ್ತು ಹದಿನೈದು ವರ್ಷ ಕಾದ ನಮ್ಮ ಟೆಕ್ಕಿ ಕುಟುಂಬಗಳಲ್ಲಿ ಮಕ್ಕಳು ಹೈಸ್ಕೂಲಿನ ಕೊನೆಯಲ್ಲಿರುವುದು ಸಾಮಾನ್ಯ. ಹದಿನೇಳು ದಾಟಿದ ಮಗನಿರುವ ಅಪ್ಪ ‘ನೋಡಿಕೊಂಡರಾಯಿತು’ ಎಂದು ಓದದೆ ಹೋಗಿ ಮೊದಲ ಸಲ ತಪ್ಪಿದರೆ, ಕಳೆದುಕೊಳ್ಳುವುದು ಮಗ. ಐದು ವರ್ಷ ತುಂಬುವ 90 ದಿನ ಮೊದಲೇ ಅರ್ಜಿ ಹಾಕಬಹುದು ಎಂಬುದನ್ನು ಇಂಥವರು ಮರೆಯಬಾರದು.

ಇನ್ನು ಅಜ್ಜಿಗೆ ಈ ಪೌರತ್ವ ನಿಜಕ್ಕೂ ಬೇಕೇ? ಬಹಳ ಮನೆಗಳಲ್ಲಿ ಯಾರೂ ಕೇಳದ ಪ್ರಶ್ನೆ ಇದು. ಬೇಕು ಎನ್ನುವವರ ಕಾರಣ ಸರಿಯಾದದ್ದೇ: ಪೌರರಾದರೆ ಊರಿನಲ್ಲಿ ಎಷ್ಟು ದಿನವಾದರೂ ಇದ್ದು ಬರಬಹುದು, ಗ್ರೀನ್ ಕಾರ್ಡ್ ಕೈತಪ್ಪುವ ಭಯವಿಲ್ಲ. ಆದರೆ ಪೌರರಾದ ಕ್ಷಣವೇ ಭಾರತದ ಪೌರತ್ವ ಹೋಗುತ್ತದೆ. ಪಾಸ್‌ಪೋರ್ಟ್ ಒಪ್ಪಿಸಿ ಒಸಿಐ ಮಾಡಿಸಿಕೊಳ್ಳಬೇಕು, ಊರಿನ ಮತ ಹೋಗುತ್ತದೆ. ಜಮೀನಿನ ವಿಚಾರದಲ್ಲಿ ಇರುವ ಭಯ ಸ್ವಲ್ಪ ಅತಿಯಾದದ್ದು. ಇಲ್ಲಿ ನೆಲೆಸಿರುವವರು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರೂ ಕೃಷಿಭೂಮಿ ಕೊಳ್ಳುವಂತಿಲ್ಲ, ಒಸಿಐ ಇದ್ದರೂ ಅಷ್ಟೇ. ಪಿತ್ರಾರ್ಜಿತವಾಗಿ ಬರುವುದಕ್ಕೆ ಅಡ್ಡಿಯಿಲ್ಲ.

ನಮ್ಮ ಮೇಜಿನ ಮೇಲೆ ಬಂದು ಕೂರುವ ತೊಂದರೆ ತೆರಿಗೆಯದು. ಅಮೆರಿಕದ ಪೌರರು ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಎಲ್ಲ ಆದಾಯವನ್ನೂ ಇಲ್ಲಿ ತೋರಿಸಬೇಕು. ಅರಕಲಗೂಡಿನ ಬ್ಯಾಂಕಿನ ಡಿಪಾಸಿಟ್ ಬಡ್ಡಿ, ಮನೆಬಾಡಿಗೆ, ಅಷ್ಟೇಕೆ, ಭಾರತದಲ್ಲಿ ತೆರಿಗೆಯಿಲ್ಲದ ಗದ್ದೆಯ ಆದಾಯ ಕೂಡ. ಹೊರದೇಶದ ಖಾತೆಗಳಲ್ಲಿ ವರ್ಷದ ಯಾವುದೇ ದಿನ ಒಟ್ಟು 10,000 ಡಾಲರ್ ಮೀರಿದ್ದರೆ ಅದಕ್ಕೆ ಬೇರೆಯೇ ವರದಿ. ಗ್ರೀನ್ ಕಾರ್ಡ್ ಇರುವವರಿಗೂ ಇದೇ ನಿಯಮ. ಆದರೆ ಎಂಟು ವರ್ಷ ಆಗುವ ಮೊದಲು ಕಾರ್ಡ್ ಹಿಂದಿರುಗಿಸಿದರೆ ಈ ನಂಟು ಸರಳವಾಗಿ ಕಳಚುತ್ತದೆ. ಪೌರತ್ವ ಹಾಗೆ ಕಳಚುವುದಿಲ್ಲ. ಊರಿಗೆ ಮರಳಿ ಜಗಲಿಯ ಮೇಲೆ ಕೂತ ಅಜ್ಜಿಯ ಹೆಸರಿನಲ್ಲಿ ಮಗ ಪ್ರತಿ ಏಪ್ರಿಲ್‌ನಲ್ಲಿ ಇಲ್ಲಿ ಲೆಕ್ಕ ಸಲ್ಲಿಸುತ್ತಲೇ ಇರಬೇಕು. ಕೊನೆಗಾಲದಲ್ಲಿ ಇಲ್ಲೇ ಇರುವುದೋ, ಊರಿಗೆ ಹೋಗುವುದೋ ಎಂಬುದನ್ನು ಮೊದಲು ಮನೆಯಲ್ಲಿ ಮಾತಾಡಿ, ಆಮೇಲೆ ಪ್ರಶ್ನೆಪಟ್ಟಿ ಕೈಗೆ ಕೊಡಿ ಎಂದು ನಾವು ಕೇಳಿದವರಿಗೆಲ್ಲ ಹೇಳುತ್ತ ಬಂದಿದ್ದೇವೆ.

ಅರ್ವಿಂಗ್‌ನ ಮನೆಯಲ್ಲಿ ಆ ಮಾತು ಆಗಿದೆ. ಇಲ್ಲೇ ಇರುವುದು ಎಂದು ಅಜ್ಜಿಯೇ ಹೇಳಿದರಂತೆ. ಅರ್ಜಿ ಹೋಗಿದೆ, ಸಂದರ್ಶನದ ದಿನ ಇನ್ನೂ ಬಂದಿಲ್ಲ. ಮೂಲ ರಾಜ್ಯಗಳಲ್ಲಿ ನಾಲ್ಕು ಬಾಯಿಗೆ ಬಂದಿವೆ. ಐದನೆಯದಕ್ಕೆ ಕನೆಕ್ಟಿಕಟ್ ಬೇಡ, ಜಾರ್ಜಿಯ ಇರಲಿ ಎಂದು ಮೊಮ್ಮಗಳು ಬದಲಿಸಿ ಕೊಟ್ಟಿದ್ದಾಳೆ.