ಅನ್ನದ ಅಸ್ತ್ರ ಯಾರಿಗೆ ನಾಟುತ್ತದೆ?

ಮಾತು ಕೇಳದ ದೇಶಕ್ಕೆ ಧಾನ್ಯ ಮಾರುವುದನ್ನು ನಿಲ್ಲಿಸಿದರೆ ಅದು ದಾರಿಗೆ ಬರುತ್ತದೆಂಬ ನಂಬಿಕೆ ರಾಜತಾಂತ್ರಿಕ ವಲಯದಲ್ಲಿ ಇಂದಿಗೂ ಅಳಿದಿಲ್ಲ. ಗುಂಡು ಹಾರಿಸದೆ ಗೆಲ್ಲುವ ಸೌಮ್ಯ ಉಪಾಯವೆಂದು ಅದನ್ನು ಸಮರ್ಥಿಸುವವರೂ ಇದ್ದಾರೆ. ಇತಿಹಾಸ ಈ ನಂಬಿಕೆಯನ್ನು ಪುಷ್ಟೀಕರಿಸುವುದಿಲ್ಲ.

1979ರ ಡಿಸೆಂಬರಿನಲ್ಲಿ ಸೋವಿಯತ್ ಸೇನೆ ಅಫ್ಘಾನಿಸ್ತಾನವನ್ನು ಹೊಕ್ಕಿತು. 1980ರ ಜನವರಿ 4ರಂದು ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್, ಹಿಂದಿನ ಒಪ್ಪಂದದಂತೆ ಕೊಡಲೇಬೇಕಿದ್ದ 80 ಲಕ್ಷ ಟನ್ನುಗಳನ್ನು ಬಿಟ್ಟು, ಸುಮಾರು 170 ಲಕ್ಷ ಟನ್ ಧಾನ್ಯದ ಮಾರಾಟವನ್ನು ತಡೆದರು. ಅರ್ಜೆಂಟೀನಾ ಈ ನಿರ್ಬಂಧಕ್ಕೆ ಕೈಜೋಡಿಸದೆ, ಹೆಚ್ಚಿನ ಬೆಲೆಗೆ ತನ್ನ ಧಾನ್ಯವನ್ನು ಮಾಸ್ಕೋಗೆ ಮಾರಿತು. ಗೋಧಿ, ಮೆಕ್ಕೆಜೋಳಗಳು ಹಲವು ನಾಡುಗಳಲ್ಲಿ ಬೆಳೆಯುವ ಸರಕು. ಒಂದು ಬಂದರು ಮುಚ್ಚಿದರೆ ಹಣವುಳ್ಳ ಗಿರಾಕಿಗೆ ಇನ್ನೊಂದು ತೆರೆಯುತ್ತದೆ. ಸಿಡಿದೆದ್ದವರು ಅಮೆರಿಕದ ರೈತರೇ. 1981ರ ಏಪ್ರಿಲಿನಲ್ಲಿ ರೇಗನ್ ನಿರ್ಬಂಧವನ್ನು ತೆಗೆದುಹಾಕಿದರು. ಸೋವಿಯತ್ ಸೇನೆ ಅಫ್ಘಾನಿಸ್ತಾನವನ್ನು ತೊರೆದದ್ದು 1989ರಲ್ಲಿ.

ಹಾಗಾದರೆ ಈ ಅಸ್ತ್ರ ಎಂದೂ ನಾಟುವುದಿಲ್ಲವೆ? ನಾಟುತ್ತದೆ, ಕೊಳ್ಳುವ ಶಕ್ತಿಯಿಲ್ಲದವರಿಗೆ. 1974ರಲ್ಲಿ ಬಾಂಗ್ಲಾದೇಶವು ಕ್ಯೂಬಾಕ್ಕೆ ಸೆಣಬಿನ ಚೀಲ ಮಾರಿತೆಂಬ ಕಾರಣಕ್ಕೆ ಅಮೆರಿಕ ತನ್ನ ಆಹಾರ ನೆರವನ್ನು ತಡೆಹಿಡಿಯಿತು. ಢಾಕಾ ಮಣಿಯಿತು, ಕ್ಯೂಬಾದ ವ್ಯಾಪಾರವನ್ನು ಕೈಬಿಟ್ಟಿತು. ಆದರೆ ಧಾನ್ಯ ಬರುವಷ್ಟರಲ್ಲಿ ಕ್ಷಾಮ ಅಸಂಖ್ಯ ಜನರನ್ನು ಬಲಿ ತೆಗೆದುಕೊಂಡಿತ್ತು. ಪ್ರವಾಹ, ಬೆಲೆಯೇರಿಕೆ, ಆಡಳಿತದ ವೈಫಲ್ಯಗಳೂ ಆ ಕ್ಷಾಮಕ್ಕೆ ಕಾರಣ, ನಿಜ. ಆದರೂ ಅಂಥ ಹೊತ್ತಿನಲ್ಲಿ ಚೀಲಗಳ ಲೆಕ್ಕ ಕೇಳಿದ್ದನ್ನು ನೀತಿಯ ಗೆಲುವೆಂದು ಕರೆಯಲು ಮನಸ್ಸು ಒಪ್ಪುವುದಿಲ್ಲ.

ನಮಗೂ ಇದರ ಅನುಭವವಿದೆ. ಬರಗಾಲದ 1966ರ ಸುಮಾರಿಗೆ ಅಧ್ಯಕ್ಷ ಜಾನ್ಸನ್ ಪಿ.ಎಲ್. 480ರ ಗೋಧಿಯನ್ನು ಸಣ್ಣ ಸಣ್ಣ ಕಂತುಗಳಲ್ಲಿ ಬಿಡುಗಡೆ ಮಾಡಿದರು. ಭಾರತದ ಕೃಷಿನೀತಿ ಬದಲಾಗಬೇಕೆಂಬುದು ಒಂದು ಕಾರಣ. ವಿಯೆಟ್ನಾಮ್ ಯುದ್ಧವನ್ನು ನಾವು ಟೀಕಿಸಿದ್ದರ ಅಸಮಾಧಾನ ಇನ್ನೊಂದು. ಆ ಒತ್ತಡವೇ ಹಸಿರು ಕ್ರಾಂತಿಯನ್ನು ತಂದಿತೆಂದು ವಾದಿಸುವವರಿದ್ದಾರೆ. ಸಿ. ಸುಬ್ರಮಣ್ಯಂ ಅವರಂಥವರು ಇಲ್ಲಿಯೇ ಆ ಸುಧಾರಣೆಗೆ ಪಟ್ಟು ಹಿಡಿದಿದ್ದರೆಂಬುದನ್ನು ಈ ವಾದ ಮರೆಯುತ್ತದೆ. 1966ರಲ್ಲಿ 18,000 ಟನ್ ಮೆಕ್ಸಿಕೋ ಗೋಧಿಬೀಜ ಬಂದಿತು. ಇನ್ನೆಂದೂ ಅನ್ನಕ್ಕಾಗಿ ಕೈಚಾಚಬಾರದೆಂಬ ಛಲ ಬೆಳೆಯಿತು. ವಿಯೆಟ್ನಾಮ್ ಕುರಿತ ನಮ್ಮ ನಿಲುವು ಮಾತ್ರ ಬದಲಾಗಲಿಲ್ಲ.

ಇಂದು ಅಕ್ಕಿಯ ರಫ್ತಿನಲ್ಲಿ ಭಾರತವೇ ಜಗತ್ತಿನಲ್ಲಿ ಮೊದಲನೆಯದು. 2023ರ ಜುಲೈಯಲ್ಲಿ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿದಾಗ ನಮ್ಮ ಉದ್ದೇಶ ದೇಶದೊಳಗಿನ ಬೆಲೆಯನ್ನು ಹಿಡಿದಿಡುವುದಾಗಿತ್ತು, ಯಾರನ್ನೂ ದಂಡಿಸುವುದಲ್ಲ. ಆದರೆ ಬಾಗಿಲು ಮುಚ್ಚುವ ಅಧಿಕಾರ ಈಗ ನಮ್ಮ ಕೈಯಲ್ಲಿದೆ. ನೆರೆಯ ದೇಶದೊಡನೆ ಮುನಿಸು ಬಂದಾಗಲೆಲ್ಲ ಅದನ್ನು ಬಳಸೋಣವೆಂಬ ಕೂಗು ಏಳಬಹುದು. ಆಯುಧಗಳನ್ನು ತಡೆಯಲಿ, ಆಳುವವರ ಸಂಪತ್ತನ್ನು ಮುಟ್ಟುಗೋಲು ಹಾಕಿಕೊಳ್ಳಲಿ. ಅನ್ನವನ್ನು ಈ ಪಟ್ಟಿಯಿಂದ ಹೊರಗಿಡಬೇಕು. ಏಕೆಂದರೆ ಅದನ್ನು ತಡೆದಾಗ ಉಪವಾಸ ಬೀಳುವವರು ಆಳುವವರಲ್ಲ.